ಹರಿಹರದ ಸುತ್ತು

2009ನೆಯ ಇಸವಿ, ನನಗಾಗ ಮೂವತ್ತೆಂಟು ವರ್ಷ. ದಾವಣಗೆರೆಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಅಧ್ಯಾಪಕನಾಗಿದ್ದೆ. ಸಂಧಿ, ಸಮಾಸ, ವಿಭಕ್ತಿಗಳ ಹೊರತಾಗಿ ನನಗಿದ್ದ ಒಂದೇ ಹವ್ಯಾಸವೆಂದರೆ, ಕೆಲವು ಶಿಕ್ಷಕರೂ ಬ್ಯಾಂಕ್ ನೌಕರರೂ ಸೇರಿ ಕಟ್ಟಿಕೊಂಡಿದ್ದ ಹಳೆಯ ಚಿತ್ರಗೀತೆಗಳ ವಾದ್ಯವೃಂದದಲ್ಲಿ ನಿರೂಪಣೆ ಮಾಡುವುದು. ಆ ವರ್ಷ ನಮ್ಮ ಬೇಸ್ ಗಿಟಾರ್ ವಾದಕರಿಗೆ ಬಳ್ಳಾರಿಗೆ ವರ್ಗವಾಯಿತು. ಬೇಸ್ ಇಲ್ಲದ ಹಾಡು ಕ್ರಿಯಾಪದವಿಲ್ಲದ ವಾಕ್ಯ ಎಂದು ನಾನು ಹಿಂದೊಮ್ಮೆ ವೇದಿಕೆಯ ಮೇಲೆ ಹೇಳಿದ್ದೆ. ಹಾಗಾದರೆ ಆ ಕ್ರಿಯಾಪದವನ್ನು ಇನ್ನು ಮುಂದೆ ನೀವೇ ನುಡಿಸಿ ಎಂದು ತಂಡದವರು ಅದನ್ನು ನನ್ನ ಕೊರಳಿಗೇ ಕಟ್ಟಿದರು. ಇರುವುದು ನಾಲ್ಕೇ ತಂತಿ ಎಂಬ ಧೈರ್ಯದಿಂದ ಒಪ್ಪಿಕೊಂಡೆ.

ಕೆ.ಬಿ. ಬಡಾವಣೆಯ ವಾದ್ಯದಂಗಡಿಗೆ ಒಂದು ಭಾನುವಾರ ಬೆಳಿಗ್ಗೆ ಹೋದಾಗ, ಮೂಲೆಯ ಸ್ಟೂಲಿನ ಮೇಲೆ ನನಗಿಂತ ಹತ್ತು ಹನ್ನೆರಡು ವರ್ಷ ಹಿರಿಯರಾದ ಒಬ್ಬರು ಕುಳಿತಿದ್ದರು. ತೆಳ್ಳನೆಯ ಮೈ, ತುಂಬುತೋಳಿನ ಅಂಗಿ, ಎದೆಯ ಜೇಬಿನಲ್ಲಿ ಪೆನ್ನಿರಬೇಕಾದ ಕಡೆ ಒಂದು ಪುಟ್ಟ ಸ್ಕ್ರೂಡ್ರೈವರ್. ಅಂಗಡಿಯ ಮಾಲೀಕರು ನನ್ನ ಮುಂದೆ ಮೂರು ಬೇಸ್‌ಗಳನ್ನಿಟ್ಟರು. ಹೊಳೆಯುವ ಕೆಂಪು ಬಣ್ಣದ್ದನ್ನು ಎತ್ತಿಕೊಂಡು ಆಂಪ್ಲಿಫೈಯರಿಗೆ ಜೋಡಿಸಲು ಹೋದೆ. ಸ್ಟೂಲಿನ ಕಡೆಯಿಂದ ಮಾತು ಬಂತು.

“ಕರೆಂಟ್ ಹಾಕಬ್ಯಾಡ್ರಿ. ಕರೆಂಟ್ ಹಾಕಿದ್ರೆ ಎಲ್ಲಾವೂ ಚೆಂದಾಗೇ ಮಾತಾಡ್ತಾವೆ.”

ಅವರು ಎದ್ದು ಬಂದು ಆ ಕೆಂಪು ಬೇಸಿನ ಮೈಯಿಂದ ಚಾಚಿದ ಕೊಂಬನ್ನು ಅಂಗಡಿಯ ಗಾಜಿನ ಕಪಾಟಿಗೆ ಒತ್ತಿ ಹಿಡಿದು, ಅತ್ಯಂತ ದಪ್ಪನೆಯ ತಂತಿಯನ್ನು ಮೀಟಿದರು. ಗಾಜು ಸುಮ್ಮನಿತ್ತು. ಎರಡನೆಯದಕ್ಕೆ ಗಾಜು ಒಮ್ಮೆ ಗೊಣಗಿ ನಿಂತಿತು. ಮೂರನೆಯದು ಕಂದು ಬಣ್ಣದ, ಯಾರೋ ಬಳಸಿ ಬಿಟ್ಟಿದ್ದ, ಬೆನ್ನಿನಲ್ಲಿ ಬೆಲ್ಟ್ ಬಕಲ್ಲಿನ ಗೀರುಗಳಿದ್ದ ಬೇಸ್. ಅದನ್ನು ಮೀಟಿದಾಗ ಕಪಾಟಿನೊಳಗಿನ ಮೌತ್ ಆರ್ಗನ್ ಡಬ್ಬಿಗಳೆಲ್ಲ ಕದಲಿದವು. ಬಣ್ಣ ಕಾಣುವುದು ಮುಂದಿನ ಸಾಲಿನವರಿಗೆ ಮಾತ್ರ, ಮರ ಕೇಳಿಸುವುದು ಕೊನೆಯ ಸಾಲಿಗೂ ಎಂದರು. ನಾನು ಕಂದು ಬೇಸನ್ನೇ ಕೊಂಡೆ. ಇಂದಿಗೂ ನನ್ನ ಬಳಿ ಇರುವುದು ಅದೇ.

ಇವರು ಹರಿಹರದವರು. ಹೆಸರನ್ನು ಇಲ್ಲಿ ಬರೆಯುವುದಿಲ್ಲ. 2025ರ ಜನವರಿಯಲ್ಲಿ ತೀರಿಕೊಂಡರು. ಗೆಳೆಯರು ಹೊರತರಲಿರುವ ನೆನಪಿನ ಹೊತ್ತಗೆಗೆ ನಾಲ್ಕು ಪುಟ ಬರೆದುಕೊಡಿ, ನಿಮಗಿಂತ ಹತ್ತಿರದವರು ಯಾರಿದ್ದಾರೆ ಎಂದು ಕೇಳಿದ್ದಾರೆ. ಹತ್ತಿರದವನಾಗಿದ್ದೆನೆಂಬುದು ನಿಜ. ಆದರೆ ನಾನು ಹತ್ತಿರದಿಂದ ಕಂಡದ್ದನ್ನೆಲ್ಲ ಬರೆದರೆ ಹೊತ್ತಗೆಯವರು ಅಚ್ಚು ಮಾಡಲಾರರು. ಅದನ್ನು ಬಿಟ್ಟು ಬರೆಯಲು ನನ್ನಿಂದಾಗದು. ಹಾಗಾಗಿ ಹೆಸರಿಲ್ಲದೆ, ಬೇರೆಡೆಗೆಂದು ಬರೆಯುತ್ತಿದ್ದೇನೆ. ಅವರನ್ನು ಇಲ್ಲಿ ಹರಿಹರದವರು ಎಂದಷ್ಟೇ ಕರೆಯುತ್ತೇನೆ.

ಹರಿಹರದ ಮುಚ್ಚಿಹೋದ ಒಂದು ಯಂತ್ರ ಕಾರ್ಖಾನೆಯಲ್ಲಿ ಅವರು ಇಪ್ಪತ್ತು ವರ್ಷ ದುಡಿದಿದ್ದರು. ಯಾವ ವಿಭಾಗ ಎಂದು ಕೇಳಿದಾಗ “ವೈಂಡಿಂಗ್ ಕಡೆ ಇದ್ದೆ” ಎಂದರು. ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುವ ವಿಭಾಗವೆಂದು ಅರ್ಥಮಾಡಿಕೊಂಡೆ. ಹದಿನೆಂಟನೆಯ ವಯಸ್ಸಿನಿಂದ ಮದುವೆ ಮನೆಗಳಲ್ಲಿ, ಗಣಪತಿ ಪೆಂಡಾಲುಗಳಲ್ಲಿ ಬೇಸ್ ನುಡಿಸಿದವರು. ಕಾರ್ಖಾನೆ ಮುಚ್ಚಿದ ಮೇಲೆ ನುಡಿಸುವುದನ್ನು ಕಡಿಮೆ ಮಾಡಿ, ಭಾನುವಾರ ಬೆಳಗಿನ ಬಸ್ಸಿಗೆ ದಾವಣಗೆರೆಗೆ ಬಂದು ಆ ಅಂಗಡಿಯ ಸ್ಟೂಲಿನ ಮೇಲೆ ಕೂರುತ್ತಿದ್ದರು. ಯಾರು ಬೇಸ್ ಕೊಳ್ಳಲು ಬಂದರೂ ಅವರ ಮಾತು ಕೇಳಿಯೇ ಕೊಳ್ಳುತ್ತಿದ್ದರು. ಅದಕ್ಕಾಗಿ ಅವರು ಯಾರಿಂದಲೂ ಏನನ್ನೂ ತೆಗೆದುಕೊಂಡದ್ದನ್ನು ನಾನು ಕಂಡಿಲ್ಲ. ಅವರಿಗೆ ಬೇಕಾಗಿದ್ದುದು ತಮ್ಮ ಸುತ್ತ ನಾಲ್ಕು ಜನ ಕಿವಿಗೊಟ್ಟು ನಿಲ್ಲುವುದು.

ನಾದಕ್ಕೆ ಅವರದೇ ಪರಿಭಾಷೆಯಿತ್ತು. ಬೇಸಿನ ನಾದ ಮೂರು ಜಾಗದಿಂದ ಬರುತ್ತದೆ ಎನ್ನುತ್ತಿದ್ದರು: ಹೊಟ್ಟೆ, ಎದೆ, ಮೂಗು. ಪಿಕಪ್ಪನ್ನು ಕೊರಳಿನ ಹತ್ತಿರ ಕೂರಿಸಿದರೆ ಹೊಟ್ಟೆ, ನಡುವಿನಲ್ಲಿ ಎದೆ, ತಂತಿಯ ಬುಡದ ಕಡೆ ಸರಿಸಿದರೆ ಮೂಗು. ತಂತಿ ಕಂಪಿಸುವುದನ್ನು ಗ್ರಹಿಸಿ ಸ್ಪೀಕರಿಗೆ ಕಳಿಸುವ ಬೆರಳುದ್ದದ ಡಬ್ಬಿಗೇ ಪಿಕಪ್ ಎನ್ನುತ್ತಾರೆ. ಅದರೊಳಗೆ ಆಯಸ್ಕಾಂತದ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ಎಳೆಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಅವರು ಹೀಗೆ ವಿವರಿಸಿದ ದಿನ ನನಗೆ ಆನಂದವಾಯಿತು. ಮಕ್ಕಳಿಗೆ ನಾನು ಕಲಿಸುತ್ತಿದ್ದ ವರ್ಣಗಳ ಉತ್ಪತ್ತಿಸ್ಥಾನಗಳು ಇದೇ ಅಲ್ಲವೇ? ಕಂಠ್ಯ, ತಾಲವ್ಯ, ಅನುನಾಸಿಕ. ಮನೆಗೆ ಹೋಗಿ ಇನ್ನೂರು ಪುಟದ ಒಂದು ನೋಟ್‌ಪುಸ್ತಕದಲ್ಲಿ ಕೋಷ್ಟಕ ಎಳೆದೆ. ಎಡಗಡೆ ಅವರ ಪದ, ಬಲಗಡೆ ನನ್ನದು. ಅದನ್ನು ತೋರಿಸಿದಾಗ ಅವರು ಬಹಳ ಹೊತ್ತು ನೋಡಿ, “ಮೇಷ್ಟ್ರೇ, ಪರೀಕ್ಷೆ ಇಡ್ತೀರೇನು? ನಾ ಮೂಗಿನಾಗೇ ಫೇಲ್ ಆಗ್ತೀನಿ” ಎಂದರು.

ತಂತಿಗಳ ವಿಷಯದಲ್ಲಿ ಅವರದು ಮಡಿವಂತಿಕೆ. ದುಂಡು ಸುತ್ತಿನ ತಂತಿ ಬೆರಳಿಗೆ ಗರಗಸದಂತೆ ಒರಟು, ನಾದಕ್ಕೆ ಹೊಳಪು. ಕುಣಿತದ ಹಾಡಿಗೆ ಅದೇ ಬೇಕು. ಚಪ್ಪಟೆ ಸುತ್ತಿನದು ನುಣುಪು, ನಾದ ಮಂದ; ನಮ್ಮ ತಂಡದ ಹಳೆಯ ಹಾಡುಗಳಿಗೆ ಅದನ್ನು ಬಿಟ್ಟು ಬೇರೆಯದನ್ನು ಹಾಕಿದರೆ, ಅಜ್ಜಿಗೆ ಜೀನ್ಸ್ ತೊಡಿಸಿದಂತೆ ಎನ್ನುತ್ತಿದ್ದರು. ಹಳೆಯ ದುಂಡು ತಂತಿಗಳನ್ನು ಎಸೆಯಲು ಬಿಡುತ್ತಿರಲಿಲ್ಲ. ಸರಸ್ವತಿ ನಗರದ ನನ್ನ ಮನೆಯ ಅಡುಗೆಮನೆಯಲ್ಲಿ, ನನ್ನ ಹೆಂಡತಿ ಚಹಾ ಕಾಸುವ ಪಾತ್ರೆಯಲ್ಲಿಯೇ, ಅವುಗಳನ್ನು ಸುರುಳಿ ಸುತ್ತಿ ಕುದಿಸಿ, ಬಟ್ಟೆಯಲ್ಲಿ ಒರೆಸಿ, ಹಗ್ಗದ ಮೇಲೆ ಒಣಗಲು ಹಾಕಿದರು. ಬೆರಳಿನ ಜಿಡ್ಡು ಹೋಗಿ ಒಂದು ತಿಂಗಳು ತಂತಿ ಹೊಸದರಂತೆ ಮಿನುಗಿತು. ಆ ಪಾತ್ರೆಯನ್ನು ಹೆಂಡತಿ ಮತ್ತೆ ಒಲೆಯ ಮೇಲಿಡಲಿಲ್ಲ.

ಕಾರ್ಯಕ್ರಮದಲ್ಲಿ ಅವರು ಎಂದೂ ಸಭಾಂಗಣದೊಳಗೆ ಕುಳಿತು ಕೇಳಿದವರಲ್ಲ. ಕಲ್ಯಾಣ ಮಂಟಪದ ಊಟದ ಮನೆಗೆ ಹೋಗಿ, ನೀರಿನ ಡ್ರಮ್ಮಿನ ಮೇಲೆ ಅಂಗೈ ಊರಿ ನಿಲ್ಲುತ್ತಿದ್ದರು. ಹಾಡುಗಾರನ ದನಿ, ಕೀಬೋರ್ಡು, ಎಲ್ಲವೂ ಗೋಡೆಯ ಆಚೆಗೇ ಉಳಿಯುತ್ತವೆ, ಗೋಡೆ ದಾಟಿ ಬರುವುದು ಬೇಸ್ ಒಂದೇ ಎಂಬುದು ಅವರ ವಾದ. ವಿರಾಮದಲ್ಲಿ ಬಂದು, ಎರಡನೇ ಹಾಡಿನಲ್ಲಿ ನೀರು ಕದಲಲಿಲ್ಲ, ಮೂರನೆಯದರಲ್ಲಿ ಕದಲಿತು ಎಂದು ವರದಿ ಒಪ್ಪಿಸುತ್ತಿದ್ದರು. ನಾನು ಅದನ್ನೂ ಬರೆದುಕೊಳ್ಳುತ್ತಿದ್ದೆ.

ಇಂಥವರನ್ನು ನಂಬದೆ ಇನ್ನು ಯಾರನ್ನು ನಂಬುವುದು?

2012ರಲ್ಲಿ ಒಂದು ಮದುವೆಯ ಆರತಕ್ಷತೆಯ ನಡುವೆ ನನ್ನ ಬೇಸ್ ಇದ್ದಕ್ಕಿದ್ದಂತೆ ಮೂಕವಾಯಿತು. ಪಿಕಪ್ಪಿನ ಒಳಸುತ್ತು ಹರಿದಿದೆ ಎಂದು ಹರಿಹರದವರು ಮೀಟರ್ ಹಿಡಿದು ಹೇಳಿದರು. ಹಳೆಯದು ಹೇಗೂ ಕಳಪೆ, ಸೀರಿಯಲ್ ಲೈಟು ಹತ್ತಿದೊಡನೆ ಗುಂಯ್ಗುಡುತ್ತಿತ್ತು. ಪಿಕಪ್ಪಿನ ಎರಡು ಭಾಗಗಳ ಪೈಕಿ ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಸುತ್ತಿದರೆ ಆ ಗುಂಯ್ ತಾನೇ ಸಾಯುತ್ತದೆ ಎಂದು ವಿವರಿಸಿ, ಪಿಕಪ್ಪನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋದರು. ಮೂರು ವಾರಗಳ ಮೇಲೆ ತಂದು, ನನ್ನ ಮನೆಯ ಜಗುಲಿಯಲ್ಲಿ ಕುಳಿತು ಬೆಸುಗೆ ಹಾಕಿ, ಹೊಸ ಚಪ್ಪಟೆ ತಂತಿಗಳನ್ನು ಏರಿಸಿ ಕೈಗಿತ್ತರು. ಮೀಟಿದೆ. ಅದನ್ನು ಹೇಗೆ ಬರೆಯಲಿ? ಅಲ್ಲಿಯವರೆಗೆ ನನ್ನ ಬೇಸಿನಲ್ಲಿದ್ದದ್ದು ಸದ್ದು. ಅಂದು ಕೇಳಿದ್ದು ಮಾತು. ಹೊಟ್ಟೆ, ಎದೆ, ಮೂಗು ಮೂರೂ ಒಂದೇ ಉಸಿರಿನಲ್ಲಿ ಇದ್ದವು. ಮೂರು ವರ್ಷ ತಂತಿ ಬದಲಿಸಿ, ಬೆರಳು ಬದಲಿಸಿ ಹುಡುಕಿದ್ದು ಅದನ್ನೇ.

“ಹೆಂಗೈತ್ರಿ ಮೇಷ್ಟ್ರೇ? ಕಾಳಜಿ ಮಾಡಿ ಸುತ್ತಿಸಿದೀನ್ರಿ” ಎಂದರು.

ನಾನು ಆ ಆನಂದದಲ್ಲಿಯೂ ನನ್ನ ಚಾಳಿ ಬಿಡಲಿಲ್ಲ. ಸುತ್ತಿಸಿದ್ದೇನೆ ಅಲ್ಲ, ಸುತ್ತಿದ್ದೇನೆ ಎನ್ನಬೇಕು ಎಂದೆ. ‘ಇಸು’ ಎಂಬುದು ಪ್ರೇರಣಾರ್ಥಕ ಪ್ರತ್ಯಯ, ಮಾಡು, ಮಾಡಿಸು, ಓದು, ಓದಿಸು, ಅದು ಬಂದರೆ ಕೆಲಸವನ್ನು ಇನ್ನೊಬ್ಬರಿಂದ ಮಾಡಿಸಿದ ಅರ್ಥ ಬರುತ್ತದೆ, ನಿಮ್ಮ ಕೈಕೆಲಸದ ಹಿರಿಮೆಯನ್ನು ನೀವೇ ಯಾಕೆ ಕಳೆದುಕೊಳ್ಳುತ್ತೀರಿ ಎಂದು ತಿದ್ದಿದೆ. ಅವರು ಸ್ಕ್ರೂಡ್ರೈವರನ್ನು ಜೇಬಿಗೆ ಸಿಕ್ಕಿಸಿಕೊಳ್ಳುತ್ತಿದ್ದವರು ಒಂದು ಗಳಿಗೆ ನಿಂತರು. ನನ್ನ ಮುಖ ನೋಡಿದರು.

“ಆತು ಬಿಡ್ರಿ. ಸುತ್ತಿದೀನಿ.”

ನನ್ನ ವಿದ್ಯಾರ್ಥಿಗಳು ತಿದ್ದಿದ್ದನ್ನು ಅಷ್ಟು ಬೇಗ ಕಲಿತದ್ದಿಲ್ಲ. ಮುಂದೆ ಅವರು ಎಂದೂ ಆ ತಪ್ಪು ಮಾಡಲಿಲ್ಲ.

ಎಷ್ಟು ಸುತ್ತು ಎಂದು ಕೇಳಿದ್ದಕ್ಕೆ ಒಂಬತ್ತು ಸಾವಿರ ಎಂದರು, ಬರೆದುಕೊಂಡೆ. ಮರುವರ್ಷ ಕೇಳಿದಾಗ ಹತ್ತೂವರೆ ಸಾವಿರ ಎಂದರು. ಅದನ್ನೂ ಬರೆದು ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ಇನ್ನೊಮ್ಮೆ ಏಳು ಸಾವಿರವಾಯಿತು. ಗುಟ್ಟು ಬಿಟ್ಟುಕೊಡಲು ಇಷ್ಟವಿಲ್ಲದ ಕುಶಲಕರ್ಮಿಯ ಬಿಗುಮಾನ ಎಂದುಕೊಂಡು ಗೌರವ ಹೆಚ್ಚಿಸಿಕೊಂಡೆ.

ನನ್ನ ಬೇಸ್ ಕೇಳಿದವರು ತಮಗೂ ಅಂಥದ್ದೇ ಬೇಕೆಂದರು. ಊರಿನ ಐದಾರು ಗಿಟಾರುಗಳ ಪಿಕಪ್ಪುಗಳು ಅವರ ಚೀಲದಲ್ಲಿ ಹೋಗಿ ಸುತ್ತಿಸಿಕೊಂಡು ಬಂದವು. ‘ಹರಿಹರದ ಸುತ್ತು’ ಎಂದು ನಾನೇ ಹೆಸರಿಟ್ಟೆ. ವಾದಕರ ಬಾಯಲ್ಲಿ ಅದು ನಿಂತಿತು. 2022ರಲ್ಲಿ ನಮ್ಮ ವಾದ್ಯವೃಂದದ ಸ್ಮರಣ ಸಂಚಿಕೆ ಬಂದಾಗ ಅದೇ ಶೀರ್ಷಿಕೆಯಲ್ಲಿ ಮೂರು ಪುಟದ ಲೇಖನ ಬರೆದೆ. ‘ತಮ್ಮ ಕೈಯಾರೆ ಸುತ್ತಿದ’ ಎಂಬ ಮಾತು ಅದರಲ್ಲಿ ನಾಲ್ಕು ಬಾರಿ ಬಂದಿದೆ. ಅಚ್ಚಿಗೆ ಹೋಗುವ ಮೊದಲು ಅವರಿಗೆ ಓದಿ ಹೇಳಿದ್ದೆ. ಕಣ್ಣು ಮುಚ್ಚಿ ಕೇಳಿ, ಚೆನ್ನಾಗಿ ಬಂದಿದೆ ಎಂದಿದ್ದರು.

ಸಂಚಿಕೆ ಬಂದ ಕೆಲವು ವಾರಗಳ ನಂತರ, ಒಂದು ಭಾನುವಾರ, ಕೆ.ಬಿ. ಬಡಾವಣೆಯ ಅದೇ ಅಂಗಡಿಯಲ್ಲಿ ನಾವೆಲ್ಲ ಸೇರಿದ್ದೆವು: ಮಾಲೀಕರು, ನಮ್ಮ ಕೀಬೋರ್ಡಿನವರು, ಡ್ರಮ್ಸಿನವರು, ಗಾಯಕರೊಬ್ಬರು, ಸ್ಟೂಲಿನ ಮೇಲೆ ಹರಿಹರದವರು, ನಾನು. ಗಿಡ್ಡನೆಯ, ಬೆರಳ ತುದಿಗಳೆಲ್ಲ ವಾರ್ನಿಷಿನಿಂದ ಕಂದಾಗಿದ್ದ ಒಬ್ಬರು ಒಳಗೆ ಬಂದರು. ದಾವಣಗೆರೆಯದೇ ಆನೆಕೊಂಡದಲ್ಲಿ ಫ್ಯಾನು, ಮೋಟಾರುಗಳಿಗೆ ತಂತಿ ಸುತ್ತಿಕೊಡುವ ಅಂಗಡಿಯವರು; ನಮ್ಮ ವಾದಕರು ಕೆಟ್ಟ ಸ್ಪೀಕರುಗಳನ್ನು ರಿಪೇರಿಗೆ ಒಯ್ಯುತ್ತಿದ್ದುದೂ ಅವರಲ್ಲಿಗೇ. ಕೈಯಲ್ಲಿ ನಮ್ಮ ಸಂಚಿಕೆಯಿತ್ತು, ನನ್ನ ಲೇಖನದ ಪುಟಕ್ಕೆ ಮಡಚಿತ್ತು.

“ಸರ್, ಇದ್ರಾಗೆ ನೀವು ಬರ್ದಿದ್ದು ತಪ್ಪೈತ್ರಿ. ಆ ಪಿಕಪ್ಪು ನಾ ಸುತ್ತಿದ್ದು” ಎಂದರು. ದನಿಯಲ್ಲಿ ಜಗಳವಿರಲಿಲ್ಲ. ಯಾರೋ ಗಿರಾಕಿ ಬಂದು, ನೀನು ಹರಿಹರದವರ ಕೆಲಸವನ್ನು ನಕಲು ಮಾಡುತ್ತೀಯಂತೆ ಎಂದು ಕೇಳಿದ್ದರಿಂದ ತಾವು ಬರಬೇಕಾಯಿತೆಂದೂ ಹೇಳಿದರು.

ನಾನು ಹರಿಹರದವರ ಕಡೆ ನೋಡಿದೆ. ಅವರು ತೊಡೆಯ ಮೇಲಿನ ಗಿಟಾರಿನ ತಂತಿಯನ್ನು ಬಟ್ಟೆಯಿಂದ ಒರೆಸುತ್ತಿದ್ದರು. ತಲೆ ಎತ್ತಲಿಲ್ಲ. ಇಂಥ ಮಾತಿಗೆ ಉತ್ತರ ಕೊಡುವುದು ದೊಡ್ಡವರ ಘನತೆಗೆ ತಕ್ಕುದಲ್ಲ ಎಂದು ಆ ಮೌನವನ್ನು ಓದಿಕೊಂಡೆ. ಉತ್ತರಿಸುವ ಹೊಣೆ ನನ್ನದಾಯಿತು. ಲೇಖನದ ಕರಡನ್ನು ನಾಲ್ಕು ಸಲ ತಿದ್ದಿದ್ದೇನೆ, ಅದರಲ್ಲಿ ಒಂದು ಅಲ್ಪಪ್ರಾಣವೂ ತಪ್ಪಿಲ್ಲ ಎಂದೆ. ಇನ್ನೊಬ್ಬರ ಕೈಕೆಲಸವನ್ನು ತನ್ನದೆಂದು ಹೇಳಿಕೊಳ್ಳುವುದಕ್ಕೆ ಕನ್ನಡದಲ್ಲಿ ಕಳ್ಳತನ ಎಂಬ ಪದವಿದೆ, ಅದು ಆನೆಕೊಂಡದವರಿಗೆ ತಿಳಿದಿರಬೇಕು ಎಂದೆ.

ಅವರು ಸಂಚಿಕೆಯ ಆ ಪುಟದ ಮೇಲೆ ಬೆರಳಿಟ್ಟರು.

“ಬಿಚ್ಚಿ ನೋಡ್ರಿ ಸರ್. ಒಳಗೆ ಬರ್ದೀನಿ.”

“ಗೆಳೆಯರನ್ನು ಬಿಚ್ಚಿ ನೋಡುವ ಅಭ್ಯಾಸ ನನಗಿಲ್ಲ” ಎಂದೆ. ಡ್ರಮ್ಸಿನವರು ಗಟ್ಟಿಯಾಗಿ ನಕ್ಕರು. ಆನೆಕೊಂಡದವರು ಸಂಚಿಕೆಯನ್ನು ಮತ್ತೊಂದು ಮಡಿಕೆ ಮಡಚಿ ಚೀಲಕ್ಕೆ ಹಾಕಿಕೊಂಡು ಇಳಿದು ಹೋದರು.

ಆ ಮೇಲೆ ನಮ್ಮ ವಾದಕರು ಆನೆಕೊಂಡಕ್ಕೆ ಸ್ಪೀಕರು ಒಯ್ಯುವುದನ್ನು ನಿಲ್ಲಿಸಿದರು. ಬಾಯಿಯಲ್ಲೇ ಸುತ್ತುವ ವೈಂಡರ್ ಎಂದು ಡ್ರಮ್ಸಿನವರು ಅವರಿಗೊಂದು ಹೆಸರು ಕಟ್ಟಿದರು. ಅದೂ ಊರಿನಲ್ಲಿ ನಿಂತಿತು. ಅಂದು ಬಸ್ ನಿಲ್ದಾಣದವರೆಗೆ ಹರಿಹರದವರೊಂದಿಗೆ ನಡೆದು ಹೋದೆ. ಅವರು ಬಸ್ಸು ಹತ್ತುವಾಗ, ನೀವು ಮಾತಾಡಿದ್ದು ಪುಸ್ತಕ ಓದಿದ ಹಾಗಿತ್ತು ಮೇಷ್ಟ್ರೇ ಎಂದರು. ಹೊಗಳಿಕೆ ಎಂದುಕೊಂಡು ಮನೆಗೆ ಬಂದೆ.

ಎರಡು ವರ್ಷ ಹೀಗೇ ಕಳೆಯಿತು. ಅಷ್ಟರಲ್ಲಿ ನಾನು ಸ್ವಯಂನಿವೃತ್ತಿ ಪಡೆದಿದ್ದೆ. 2024ರ ಜುಲೈನಲ್ಲಿ ನನ್ನ ಬೇಸ್ ಸ್ಟ್ಯಾಂಡಿನಿಂದ ಉರುಳಿ ಬಿದ್ದು ಮತ್ತೆ ಮೂಕವಾಯಿತು. ಹರಿಹರಕ್ಕೆ ಫೋನ್ ಮಾಡಿದೆ. ಕೈ ನಡುಗುತ್ತಿದೆ, ಆಮೇಲೆ ನೋಡೋಣ ಎಂದರು. ಮರುವಾರವೂ ಅದೇ ಮಾತು. ಆರೋಗ್ಯ ಸರಿಯಿಲ್ಲದವರನ್ನು ಒತ್ತಾಯಿಸುವುದು ಬೇಡ, ಹರಿದದ್ದು ಯಾವ ಭಾಗವೆಂದಾದರೂ ಗುರುತಿಸಿಟ್ಟರೆ ಅವರಿಗೆ ಕೆಲಸ ಕಡಿಮೆಯಾಗುತ್ತದೆ ಎಂದು ಯೋಚಿಸಿ, ಹನ್ನೆರಡು ವರ್ಷಗಳಲ್ಲಿ ಮೊದಲ ಬಾರಿಗೆ ನಾನೇ ಸ್ಕ್ರೂ ತೆಗೆದು ಪಿಕಪ್ಪಿನ ಕವಚ ಬಿಚ್ಚಿದೆ. ಅನುಮಾನದಿಂದ ಬಿಚ್ಚಿದೆನೆಂದು ಯಾರೂ ತಿಳಿಯಬಾರದು. ಅವರಿಗೆ ನೆರವಾಗಲೆಂದೇ ಬಿಚ್ಚಿದೆ.

ಸುತ್ತಿನ ಮೇಲೆ ಹತ್ತಿಯ ಪಟ್ಟಿಯಿತ್ತು. ಅದರ ಮೇಲೆ ನೀಲಿ ಶಾಯಿಯಲ್ಲಿ, ಉರುಟು ಅಕ್ಷರಗಳಲ್ಲಿ ಬರೆದಿತ್ತು: ‘ಎಡಕ್ಕ. 8400. ಆನೇಕೊಂಡ.’ ಇನ್ನೊಂದು ಭಾಗದ ಮೇಲೆ: ‘ಬಲಕ್ಕ. 8400. ಆನೇಕೊಂಡ.’ ನಕಾರಕ್ಕೆ ದೀರ್ಘ ತಪ್ಪಾಗಿ ಬಿದ್ದಿದೆ ಎಂಬುದು ನನಗೆ ಮೊದಲು ಕಂಡದ್ದು, ಬರೆದಿರುವುದೇನೆಂಬುದು ಆಮೇಲೆ. ನೋಟ್‌ಪುಸ್ತಕ ತೆಗೆದು ನೋಡಿದೆ. ಹರಿಹರದವರು ಹೇಳಿದ್ದ ಮೂರು ಸಂಖ್ಯೆಗಳಲ್ಲಿ ಒಂದೂ ಇದಲ್ಲ.

ಮರುದಿನ ಬೆಳಿಗ್ಗೆ ಹರಿಹರಕ್ಕೆ ಹೋದೆ. ಮನೆಯ ಮುಂದಿನ ಕುರ್ಚಿಯಲ್ಲಿ ಕುಳಿತಿದ್ದರು, ಸೊರಗಿದ್ದರು. ಕೈ ನಡುಗುತ್ತಿದ್ದುದು ಸುಳ್ಳಲ್ಲ. “ಬರ್ರಿ ಮೇಷ್ಟ್ರೇ, ಕೂಡ್ರಿ” ಎಂದರು. ನಾನು ಕೂರದೆ, ಆ ಎರಡು ತುಂಡುಗಳನ್ನು ಅವರ ಮುಂದಿನ ಟೀಪಾಯಿಯ ಮೇಲಿಟ್ಟೆ. ಅವರು ಕನ್ನಡಕ ಹಾಕಿಕೊಳ್ಳಲಿಲ್ಲ. ಓದುವ ಅಗತ್ಯ ಅವರಿಗಿರಲಿಲ್ಲ.

ಕಾರ್ಖಾನೆಯಲ್ಲಿ ಅವರಿದ್ದದ್ದು ಉಗ್ರಾಣದಲ್ಲಂತೆ. ವೈಂಡಿಂಗ್ ವಿಭಾಗಕ್ಕೆ ತಾಮ್ರದ ತಂತಿ ಕೊಡುವ ಕಿಟಕಿ ಅವರದು. ಕಿಟಕಿಯ ಆಚೆ ನಿಂತು ತಂತಿ ಪಡೆಯುತ್ತಿದ್ದವರು ಆನೆಕೊಂಡದವರು. ಹಳೆಯ ಸ್ನೇಹಕ್ಕೆಂದು ಪಿಕಪ್ಪು ಸುತ್ತಿಕೊಟ್ಟಿದ್ದರು, ನನ್ನದನ್ನು ಮಾತ್ರವಲ್ಲ, ಊರಿನ ಎಲ್ಲವನ್ನೂ. ಇಷ್ಟನ್ನು ಅವರು ಬೇರೆ ಯಾರದೋ ಸುದ್ದಿಯಂತೆ ಹೇಳಿದರು. ಹಾಗಿದ್ದರೆ ನನ್ನ ಬಳಿ ಯಾಕೆ ಸುಳ್ಳು ಹೇಳಿದಿರಿ ಎಂದು ಕೇಳಿದೆ.

“ನಾ ಸುಳ್ಳು ಹೇಳ್ಲಿಲ್ರಿ. ಮೊದ್ಲು ಏನಂದಿದ್ದೆ, ನೆನಪೈತೇನು? ಸುತ್ತಿಸಿದೀನಿ ಅಂದಿದ್ದೆ. ನೀವೇ ತಿದ್ದಿದ್ರಿ.”

ನಾನು ಆಗ ಕುಳಿತೆ. ಮೂವತ್ತು ವರ್ಷ ಮಕ್ಕಳ ಮಾತನ್ನು ತಿದ್ದಿದವನಿಗೆ ಆ ಉತ್ತರ ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಅವರಾಡಿದ ವಾಕ್ಯ ಸರಿಯಾಗಿತ್ತು. ಸರಿಯಾದದ್ದನ್ನು ಸುಳ್ಳಾಗಿ ತಿದ್ದಿದವನು ನಾನು. ಆದರೆ ತಿದ್ದಿದ್ದು ಒಂದು ಪದವನ್ನು ಮಾತ್ರ. ಆ ಪದದ ಮೇಲೆ ಹತ್ತು ವರ್ಷ ಕುಳಿತವರು, ಲೇಖನವನ್ನು ಕಣ್ಣು ಮುಚ್ಚಿ ಕೇಳಿದವರು, ಅಂಗಡಿಯಲ್ಲಿ ತಂತಿ ಒರೆಸಿದವರು ಅವರು. ಅದನ್ನೇ ಕೇಳಿದೆ: ಒಬ್ಬ ಪ್ರಾಮಾಣಿಕ ಮನುಷ್ಯನನ್ನು ನಿಮ್ಮೆದುರು ಕಳ್ಳ ಎಂದಾಗ ಒಂದು ಮಾತು ಆಡಬಾರದಿತ್ತೇ?

“ಅಷ್ಟು ಮಂದಿ ಮುಂದೆ ನೀವು ನನ್ನ ಪರ ನಿಂತಿದ್ರಿ. ನನ್ನ ಜೀವನದಾಗೆ ಯಾರೂ ಹಂಗೆ ನಿಂತಿರ್ಲಿಲ್ಲ. ಹೆಂಗೆ ಬಿಡಿಸ್ಕೊಳ್ಳಲಿ, ನೀವೇ ಹೇಳ್ರಿ.”

ಟೀಪಾಯಿಯ ಮೇಲಿನ ತುಂಡುಗಳನ್ನು ಎತ್ತಿಕೊಂಡೆ. ಎದ್ದು ಬಂದೆ. ಬಸ್ಸಿನಲ್ಲಿ ಕುಳಿತಾಗ ನೆನಪಿಗೆ ಬಂದದ್ದು ಊಟದ ಮನೆ, ನೀರಿನ ಡ್ರಮ್ಮು. ನೀರು ಕದಲಿತೆಂದು ಅವರು ಹೇಳಿದ್ದನ್ನೆಲ್ಲ ಬರೆದಿಟ್ಟಿದ್ದೇನೆ; ಒಮ್ಮೆಯೂ ಹೋಗಿ ನೋಡಿದವನಲ್ಲ. ಅದು ನಿಜವಾಗಿ ಕದಲಿತ್ತೇ? ಮೋಸದ ಕೆಟ್ಟ ಗುಣವೆಂದರೆ ಅದು ಮೋಸವಿಲ್ಲದ ದಿನಗಳನ್ನೂ ಮುಟ್ಟುತ್ತದೆ. ಗಾಜಿನ ಕಪಾಟಿಗೆ ಒತ್ತಿ ಹಿಡಿದ ಬೇಸ್ ಒಂದನ್ನು ಮಾತ್ರ ನನ್ನ ಕಣ್ಣಾರೆ ಕಂಡಿದ್ದೆ.

ಆನೆಕೊಂಡಕ್ಕೆ ಹೋಗಲು ನನಗೆ ಮೂರು ದಿನ ಬೇಕಾಯಿತು. ಅವರು ಫ್ಯಾನಿನ ಸುತ್ತು ಕಟ್ಟುತ್ತಿದ್ದರು. ತುಟಿಯಲ್ಲಿ ಎಣಿಕೆ ನಡೆದಿತ್ತು. ಅದು ಮುಗಿಯುವವರೆಗೆ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿದರು. ಮುಗಿದ ಮೇಲೆ, ಬಿಚ್ಚಿ ನೋಡಿದೆ, ನಿಮ್ಮ ಮಾತು ನಿಜ, ಕ್ಷಮಿಸಬೇಕು ಎಂದೆ.

“ಇಲ್ಲಿ ಯಾರಿಗೆ ಹೇಳ್ತೀರಿ ಸರ್, ಫ್ಯಾನಿಗಾ? ಅಲ್ಲಿ ಅಂದಿದ್ದನ್ನ ಅಲ್ಲೇ ಹೇಳ್ರಿ” ಎಂದು ಇನ್ನೊಂದು ಫ್ಯಾನನ್ನು ಎಳೆದುಕೊಂಡರು.

ಅದು ನ್ಯಾಯ. ಮುಂದಿನ ಭಾನುವಾರ ಎಲ್ಲರೂ ಅಂಗಡಿಗೆ ಬರಬೇಕೆಂದು ಒಬ್ಬೊಬ್ಬರಿಗೂ ಫೋನ್ ಮಾಡಿದೆ. ಹರಿಹರಕ್ಕೂ ಮಾಡಿದೆ. ನಾನು ಹೇಳುವುದಕ್ಕಿಂತ ನೀವು ಹೇಳುವುದು ನ್ಯಾಯ, ಒಂದೇ ವಾಕ್ಯ ಸಾಕು ಎಂದೆ. ಬರುತ್ತೇನೆ, ನಾನೇ ಹೇಳುತ್ತೇನೆ ಎಂದು ಒಪ್ಪಿಕೊಂಡರು. ಆ ಮಾತನ್ನೂ ನಂಬಿದೆ.

ಅವರು ಬಂದರು. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಎಲ್ಲರಿಗಿಂತ ಮೊದಲೇ ಬಂದು ಸ್ಟೂಲಿನ ಮೇಲೆ ಕುಳಿತಿದ್ದರು. ಆನೆಕೊಂಡದವರು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕುಳಿತರು. ಅಷ್ಟರಲ್ಲಿ ಕಾಲೇಜಿನ ಹುಡುಗಿಯೊಬ್ಬಳು ತನ್ನ ಮೊದಲ ಬೇಸ್ ಕೊಳ್ಳಲು ಬಂದಳು. ಹರಿಹರದವರು ಎದ್ದರು. ಅವಳ ಅಂಗೈಯನ್ನು ತಮ್ಮ ಅಂಗೈಯ ಪಕ್ಕ ಹಿಡಿದು ಅಳೆದು, ಉದ್ದ ಕಡಿಮೆಯಿರುವ ಕೊರಳಿನ ಬೇಸನ್ನು ಆರಿಸಿದರು. ಗಟ್ಟಿ ತಂತಿ ಬೇಡ, ಮೊದಲ ವರ್ಷ ಬೆರಳು ನೊಂದರೆ ಮನಸ್ಸು ಬಿಟ್ಟುಹೋಗುತ್ತದೆ ಎಂದರು. ಎರಡು ಪಿಕಪ್ಪುಗಳಿರುವುದನ್ನು ಈಗಲೇ ಕೊಳ್ಳಬೇಡ, ಒಂದನ್ನೇ ಇಟ್ಟುಕೊಂಡು ಬೆರಳನ್ನು ಹಿಂದೆ ಮುಂದೆ ಸರಿಸಿ ಹೊಟ್ಟೆ, ಎದೆ, ಮೂಗು ಹುಡುಕಿಕೋ ಎಂದರು. ನಡುಗುವ ಕೈಯಲ್ಲಿಯೂ ಒಂದೊಂದು ಸ್ವರ ತೋರಿಸಿದರು. ಅಂಗಡಿಯಲ್ಲಿದ್ದವರೆಲ್ಲ ಕೇಳುತ್ತ ನಿಂತಿದ್ದೆವು. ಆನೆಕೊಂಡದವರೂ ಕೇಳುತ್ತಿದ್ದರು. ಅಷ್ಟು ಚೆನ್ನಾಗಿ ಅವರು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಹುಡುಗಿ ಬೇಸ್ ಹೊತ್ತು ಹೋದಳು. ನಾನು ಅವರನ್ನೇ ನೋಡಿದೆ.

“ಚಾ ಹೇಳಿ ಬರ್ತೀನಿ” ಎಂದು ಮೆಟ್ಟಿಲಿಳಿದರು.

ಚಹಾ ಬಂತು. ಲೆಕ್ಕ ಹಿಡಿದು ಹೇಳಿದ್ದರು. ತಮ್ಮದೊಂದನ್ನು ಬಿಟ್ಟು ಎಲ್ಲರಿಗೂ ಇತ್ತು. ಅವರು ಬರಲಿಲ್ಲ. ನಾವು ಕುಡಿದು ಮುಗಿಸಿದೆವು. ಕೀಬೋರ್ಡಿನವರು ಹೊರಗೆ ಹೋಗಿ ನೋಡಿ ಬಂದು, ಹರಿಹರದ ಬಸ್ಸು ಹತ್ತುವುದನ್ನು ಕಂಡೆ ಎಂದರು. ಅದಾದ ಮೇಲೆ ಐದು ತಿಂಗಳು ಬದುಕಿದ್ದರು. ಅವರು ನನ್ನ ಮನೆಗೆ ಬರಲಿಲ್ಲ, ನಾನೂ ಹೋಗಲಿಲ್ಲ. ಮಣ್ಣಿಗೆ ಮಾತ್ರ ಹೋಗಿದ್ದೆ.

ಆ ಭಾನುವಾರ ಅಂಗಡಿಯಲ್ಲಿ, ಚಹಾ ಮುಗಿದ ಮೇಲೆ, ನಾನೇ ಎದ್ದು ನಿಂತೆ. ಹಿಂದಿನ ದಿನ ಒಂದು ಪುಟದಷ್ಟು ಬರೆದುಕೊಂಡಿದ್ದೆ. ಅದರಲ್ಲಿ ‘ಪ್ರಮಾದವಶಾತ್’ ಎಂಬ ಪದವಿತ್ತು, ‘ಅನ್ಯರ ಮೌನದಿಂದ ದಾರಿ ತಪ್ಪಿ’ ಎಂಬ ಮಾತಿತ್ತು. ಕಾಗದವನ್ನು ಜೇಬಿನಿಂದ ತೆಗೆಯಲಿಲ್ಲ.

“ನನ್ನ ಬೇಸಿನ ಪಿಕಪ್ಪನ್ನು ಸುತ್ತಿದವರು ಇವರು. ಇದೇ ಅಂಗಡಿಯಲ್ಲಿ ನಾನು ಇವರನ್ನು ಕಳ್ಳ ಎಂದೆ. ನಾನು ಹೇಳಿದ್ದು ಸುಳ್ಳು.”

ಆನೆಕೊಂಡದವರು ನನ್ನ ಕಡೆ ನೋಡಲಿಲ್ಲ; ಬಾಗಿಲಿನಾಚೆ ನೋಡುತ್ತಿದ್ದರು. ತಡವಾಗಿ ಬಂದ ನಮ್ಮ ಡ್ರಮ್ಸಿನವರು ಅಲ್ಲಿ ಬೈಕಿಗೆ ಸ್ಟ್ಯಾಂಡ್ ಹಾಕುತ್ತಿದ್ದರು.

“ಅವ್ರು ಒಳಗೆ ಬರ್ಲಿ ತಡೀರಿ ಸರ್” ಎಂದರು ಆನೆಕೊಂಡದವರು. “ಅವತ್ತು ನಕ್ಕಿದ್ದು ಅವ್ರು. ಇನ್ನೊಂದ್ಸಲ ಹೇಳ್ರಿ.”

ಡ್ರಮ್ಸಿನವರು ಹೆಲ್ಮೆಟ್ ತೆಗೆಯುತ್ತ ಒಳಗೆ ಬಂದರು. ಅವರ ಮುಖವನ್ನು ನೋಡುತ್ತ, ಮೂರು ವಾಕ್ಯಗಳನ್ನೂ ಮೊದಲಿನಿಂದ ಹೇಳಿದೆ. ಅಂದು 2024ನೆಯ ಇಸವಿ ಆಗಸ್ಟ್ ತಿಂಗಳ 11ನೆಯ ತಾರೀಖು, ಭಾನುವಾರ.